ಜೇಬಿನಲ್ಲಿದ್ದ ಸ್ಕೇಲ್

ಫೋಟೋ ಕೋಣೆ, ಚರ್ಮದ ಕ್ಲಿನಿಕ್
ಬುಧವಾರ, ತಾರೀಖು ೧೪, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಹತ್ತಿರ ಈಜು ಕಲಿಯುವ ಮಕ್ಕಳು ಇನ್ನೂ ಕೊಳದ ನೀರನ್ನು ಕುಡಿದೇ ಖಾಲಿ ಮಾಡುವ ಹಟದಲ್ಲಿದ್ದಾರೆಯೇ? ಬಿಸಿಲಿನಲ್ಲಿ ಟೋಪಿ ಹಾಕಿಕೊಳ್ಳುತ್ತೀಯಾ ಎಂದು ಕೇಳುವುದಿಲ್ಲ, ಉತ್ತರ ಗೊತ್ತಿದೆ. ಬಲಗಾಲ ಮಂಡಿಯ ಹಿಂದಿನ ಆ ಕಪ್ಪು ಚುಕ್ಕಿ ಹೇಗಿದೆ? ತುರಿಸುತ್ತದೆಯೇ? ಟವೆಲ್ ತಾಗಿದಾಗ ರಕ್ತ ಏನಾದರೂ ಬಂತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಭಾನುವಾರದಿಂದ ಮೂರು ಸಲ ಕೇಳಲು ಹೊರಟೆ ಕೂಡ. ಮೂರು ಸಲವೂ ನೀನು "ಶುರುವಾಯ್ತಪ್ಪ ನಿನ್ನ ನಾಟಕ" ಅಂತ ನಕ್ಕು ಇಟ್ಟುಬಿಟ್ಟೆ. ತಪ್ಪು ನಿನ್ನದಲ್ಲ. ನಲವತ್ತು ವರ್ಷ ತಮಾಷೆಯನ್ನೇ ಮಾಡಿಕೊಂಡು ಬಂದವನು ಒಂದು ದಿನ ಗಂಭೀರವಾದರೆ ಅದೂ ತಮಾಷೆಯಂತೆಯೇ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಕೊಳದ ಪಂಪಿನ ಬಿಡಿಭಾಗಕ್ಕೆಂದು ಬಂದಿರುವ ಭಾವನವರು ಸಂಜೆ ಬಸ್ಸಿಗೆ ಹೊರಡುತ್ತಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಈಗ ಕ್ಲಿನಿಕ್ಕಿನ ಸುದ್ದಿ. ಮೂರು ತಿಂಗಳ ಹಿಂದೆ ನೀನು ಬಂದಿದ್ದ ವಾರವೇ ಇಲ್ಲಿ ಎಐ ಯಂತ್ರ ಬಂದಿಳಿದದ್ದು ನೆನಪಿದೆಯಲ್ಲ? ಹೊಸ ಅಳಿಯನಿಗೂ ಸಿಗದ ಮರ್ಯಾದೆ ಅದಕ್ಕೆ. ಅದಕ್ಕೊಂದು ಬೇರೆ ಮೇಜು, ಮೇಜಿಗೊಂದು ಹೊದಿಕೆ, ಆ ಹೊದಿಕೆಯ ಮೇಲೆ ಟೀ ಲೋಟ ಇಟ್ಟವರಿಗೆ ಮ್ಯಾನೇಜರ್ ಸಾಹೇಬರ ಕೆಂಗಣ್ಣು. ಬಾಗಿಲಲ್ಲಿ ಬೋರ್ಡು ಬೇರೆ: "ಯಂತ್ರದ ಬುದ್ಧಿ, ವೈದ್ಯರ ಅನುಭವ: ನಿಮ್ಮ ಚರ್ಮಕ್ಕೆ ಎರಡು ಕಾವಲು." ನಾನು ಮಚ್ಚೆಯ ಫೋಟೋ ತೆಗೆಯುತ್ತೇನೆ, ಯಂತ್ರ ಹಸಿರನ್ನೋ ಕೆಂಪನ್ನೋ ತೋರಿಸುತ್ತದೆ, ಆಮೇಲೆ ಡಾಕ್ಟರಮ್ಮ ನೋಡಿ ತೀರ್ಪು ಬರೆಯುತ್ತಾರೆ. ಕೆಂಪಾದರೆ ಕ್ಯಾನ್ಸರ್ ಇರಬಹುದು, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಹಸಿರಾದರೆ ಮನೆಗೆ. ಈ ಮೂರು ತಿಂಗಳಲ್ಲಿ ಕೆಂಪು ಬಂದದ್ದು ನಾಲ್ಕೇ ಸಲ. "ನೋಡಿದ್ರಾ, ನಮ್ಮೂರಲ್ಲಿ ಕಾಯಿಲೆನೇ ಕಮ್ಮಿ ಆಗ್ತಿದೆ" ಅಂತ ಮ್ಯಾನೇಜರ್ ಸಾಹೇಬರು ಬೀಗುತ್ತಿದ್ದರು. ಕಾಯಿಲೆ ನಮ್ಮ ಬೋರ್ಡು ಓದಿಯೇ ಹೆದರಿ ಊರು ಬಿಟ್ಟಿರಬೇಕು ಅಂತ ನಾನೂ ಒಗ್ಗರಣೆ ಹಾಕಿದ್ದೆ. ಆ ಮಾತು ಆಡಬಾರದಿತ್ತು.

ಶನಿವಾರ ಮಧ್ಯಾಹ್ನ ರೋಗಿಗಳಿರಲಿಲ್ಲ. ಕೈ ಸುಮ್ಮನಿರದೆ ನನ್ನ ಮೊಣಕೈ ಮಚ್ಚೆಯನ್ನೇ ಯಂತ್ರಕ್ಕೆ ತೋರಿಸಿದೆ, ಚಿಕ್ಕಂದಿನಲ್ಲಿ ನೀನು ಇರುವೆಯೆಂದು ಉಗುರು ಹಾಕಿ ಕೀಳಲು ನೋಡಿದ್ದೆಯಲ್ಲ, ಅದನ್ನೇ. ಹಸಿರು. ಜೇಬಿನಿಂದ ಅಳತೆಯ ಪುಟ್ಟ ಸ್ಕೇಲ್ ತೆಗೆದು ಮಗ್ಗುಲಲ್ಲಿಟ್ಟು ಇನ್ನೊಂದು ಫೋಟೋ ತೆಗೆದೆ. ಕೆಂಪು. ಯಂತ್ರಕ್ಕೂ ನನ್ನ ಚಾಳಿ ಅಂಟಿತು ಅಂತ ನಕ್ಕೆ. ಶರ್ಟಿನ ಕಪ್ಪು ಗುಂಡಿಯನ್ನಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟೆ. ಕೆಂಪು. ಗುಂಡಿಗೂ ಕ್ಯಾನ್ಸರ್. ಆಗಲೂ ನಗುತ್ತಲೇ ಇದ್ದೆ. ಆಮೇಲೆ ಹಳೆಯ ಫೋಟೋಗಳಿಂದ ಒಂದನ್ನು ಹುಡುಕಿದೆ, ಪರೀಕ್ಷೆಯಲ್ಲಿ ಕ್ಯಾನ್ಸರೇ ಎಂದು ಖಚಿತವಾಗಿದ್ದ ಮಚ್ಚೆಯದು. ಅಂಚಿನಲ್ಲಿದ್ದ ಸ್ಕೇಲ್ ಕಾಣದಂತೆ ಫೋಟೋ ಕತ್ತರಿಸಿ ಯಂತ್ರಕ್ಕೆ ಕೊಟ್ಟೆ. ಹಸಿರು. ಇನ್ನೊಬ್ಬರದು ಕೊಟ್ಟೆ. ಹಸಿರು. ನನ್ನ ನಗು ಎಲ್ಲಿ ನಿಂತಿತೋ ನನಗೇ ಗೊತ್ತಾಗಲಿಲ್ಲ.

ತಪ್ಪು ಯಾರದು ಅಂತ ಕೇಳುತ್ತೀಯಾ? ನಿನ್ನ ತಮ್ಮನದೇ. ಹನ್ನೊಂದು ವರ್ಷದಿಂದ ನಾನು ತೆಗೆದ ಫೋಟೋಗಳನ್ನೇ ಯಂತ್ರಕ್ಕೆ ಪಾಠ ಮಾಡಿಸಿದ್ದಾರೆ. ಆ ಹನ್ನೊಂದು ವರ್ಷವೂ ಡಾಕ್ಟರಮ್ಮ ಮೊದಲು ಮಚ್ಚೆಯ ಮೇಲೆ ಬೆರಳಾಡಿಸುತ್ತಿದ್ದರು, ಅನುಮಾನ ಬಂದರೆ ಮಾತ್ರ "ಸ್ಕೇಲ್ ಇಡಪ್ಪ" ಅನ್ನುತ್ತಿದ್ದರು. ಇಲ್ಲದಿದ್ದರೆ ರೋಗಿಯನ್ನು ಸುಮ್ಮನೆ ಯಾಕೆ ಹೆದರಿಸುವುದು ಅಂತ ನಾನು ಇಡುತ್ತಿರಲಿಲ್ಲ. ಯಂತ್ರ ಚರ್ಮವನ್ನು ಕಲಿಯಲೇ ಇಲ್ಲ ಅಕ್ಕಾ, ಸ್ಕೇಲನ್ನು ಕಲಿಯಿತು. ಈಗಿನ ಪದ್ಧತಿಯಲ್ಲಿ ಫೋಟೋ ಮೊದಲು, ಬೆರಳು ಆಮೇಲೆ. ಹಸಿರು ಬಿದ್ದ ಮೇಲೆ ಡಾಕ್ಟರಮ್ಮನ ಇಪ್ಪತ್ತಾರು ವರ್ಷ ಪಳಗಿದ ಬೆರಳಿಗೂ ತನ್ನ ಮೇಲೆ ನಂಬಿಕೆ ಸಾಲದು. ಯಂತ್ರ ಸ್ಕೇಲಿಗೆ ಕಾಯುತ್ತಿತ್ತು, ಡಾಕ್ಟರಮ್ಮ ಯಂತ್ರಕ್ಕೆ ಕಾಯುತ್ತಿದ್ದರು, ಸ್ಕೇಲ್ ನನ್ನ ಜೇಬಿನಲ್ಲಿತ್ತು. ಕೆಂಪು ಬಂದ ಆ ನಾಲ್ಕು ಸಲ ಹಳೆಯ ಅಭ್ಯಾಸದಿಂದ ನಾನು ಅದನ್ನು ಇಟ್ಟಿದ್ದೆ, ಅಷ್ಟೇ.

ನಿನ್ನ ಮಚ್ಚೆಯ ಫೋಟೋ ತೆಗೆಯುವಾಗಲೂ ಸ್ಕೇಲ್ ಕೈಗೆತ್ತಿಕೊಂಡಿದ್ದೆ. "ನನ್ನ ಕಾಲೇನು ಕಿಟಕಿ ಪರದೆನಾ, ಅಳತೆ ತಗೊಳ್ಳೋಕೆ?" ಅಂತ ನೀನು ರೇಗಿಸಿದೆ. ನಾನು ನಕ್ಕು ಜೇಬಿಗೆ ಹಾಕಿಕೊಂಡೆ. ಹಸಿರು ಬಂತು. ನೀನು ಬೋರಲು ಮಲಗಿದ್ದೆ, ನಿನಗೆ ಕಾಣಲಿಲ್ಲ, ನಾನು ನೋಡಿದೆ: ಡಾಕ್ಟರಮ್ಮನ ಬೆರಳು ನಿನ್ನ ಮಂಡಿಯ ಹಿಂದೆ ಎರಡು ಸಲ ಹೋಗಿ ಬಂದು ನಿಂತಿತು. ಪೆನ್ನು ಎತ್ತಿದರು. ಯಂತ್ರದ ಕಡೆ ನೋಡಿದರು. "ಪರವಾಗಿಲ್ಲ, ಏಳಿ" ಅಂದರು.

ಸೋಮವಾರ ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಯಂತ್ರ ಆರಿಸಿ, ಕುರ್ಚಿ ಎಳೆದುಕೊಂಡು ಕೂತು ಒಂದೇ ಮಾತು ಕೇಳಿದರು: "ನನ್ನ ಕೈ ಯಾರ ಮೇಲೆ ನಿಂತಿತ್ತು ಅಂತ ನಿನಗೆ ನೆನಪಿದ್ಯಾ?" ಕ್ಯಾಮೆರಾ ಹಿಡಿದು ನಿಂತವನಿಗೆ ನೋಡುವುದೊಂದೇ ಕೆಲಸ. ಹತ್ತೊಂಬತ್ತು ಜನ ನೆನಪಾದರು. ಹಸಿರು ಬಂದ ಉಳಿದವರನ್ನೆಲ್ಲ ಕರೆಸುವುದು ಇವರಾದ ಮೇಲೆ. ಎರಡು ದಿನದಿಂದ ಒಬ್ಬೊಬ್ಬರನ್ನೇ ಕರೆಸುತ್ತಿದ್ದಾರೆ. ನಿನ್ನೆ ಒಬ್ಬ ಮೇಷ್ಟ್ರ ಬೆನ್ನು ನೋಡಿ ಹೊರಗೆ ಬಂದು ಕೈ ತೊಳೆದರು, ಒರೆಸಿಕೊಳ್ಳಲು ಮರೆತು ನೀರು ಸುರಿಸಿಕೊಂಡು ಹಾಗೇ ನಿಂತಿದ್ದರು. ಬಾಗಿಲಿನ ಬೋರ್ಡು ಇನ್ನೂ ಇಳಿಸಿಲ್ಲ.

ಭಾವನವರಿಗೆ ನಾನು ಏನೂ ಹೇಳಿಲ್ಲ. ದಾರಿಯುದ್ದಕ್ಕೂ ಅವರೊಬ್ಬರೇ ಇದನ್ನು ಹೊತ್ತು ಕೂರುವುದು ಬೇಡ. ನಿನ್ನ ಈಜಿನ ಮಕ್ಕಳಿಗೆ ಕೊಳದಲ್ಲಿ ಒಂದಿಷ್ಟು ನೀರು ಉಳಿಸಲು ಹೇಳು. ನನ್ನನ್ನು ಎಷ್ಟು ಬೇಕಾದರೂ ಬೈ, ಈ ಸಲ ನಗಬೇಡ.

ನಿನ್ನ ತಮ್ಮ,
ನೀನೇ ಪಟ್ಟ ಕಟ್ಟಿದ ಮಚ್ಚೆ ಮಹಾರಾಜ

ತಾ.ಕ.: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಹತ್ತೊಂಬತ್ತರಲ್ಲಿ ನಾನು ಹೇಳಿದ ಮೊದಲ ಹೆಸರು ನಿನ್ನದು. ಡಾಕ್ಟರಮ್ಮ ನಿನ್ನ ಫೋಟೋ ದೊಡ್ಡದು ಮಾಡಿ ನೋಡಿ "ಅಕ್ಕನ್ನ ಬೇಗ ಕರೆಸು" ಅಂದರು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಿನ್ನ ಸರದಿ. ಶುಕ್ರವಾರದ ಬಸ್ಸಿನ ಎರಡು ಟಿಕೆಟ್ ಈ ಲಕೋಟೆಯಲ್ಲೇ ಇವೆ, ಜೊತೆಗೆ ಆ ಸ್ಕೇಲೂ ಇದೆ. ಆ ಜಾಗ ನಿನ್ನ ಕಣ್ಣಿಗೆ ಕಾಣುವುದಿಲ್ಲ, ಭಾವನವರಿಂದ ಅಳೆಸು. ಅಂದು ನನ್ನ ಕಣ್ಣಂದಾಜಿಗೆ ಸ್ಕೇಲಿನ ಐದು ಗೀಟು, ಅಂದರೆ ಐದು ಮಿಲಿಮೀಟರ್ ಇತ್ತು. ಈಗ ಎಷ್ಟೇ ಬರಲಿ, ಫೋನ್ ಮಾಡಿ ಹೇಳಬೇಡ. ಹೊರಟು ಬಾ.