ಮಿಲೋ, ಆ ಚೆಂಡು ನಿನ್ನ ಕೈಯಲ್ಲಿತ್ತು

ಪ್ರೀತಿಯ ಮಿಲೋ,

ಅಲ್ಲ ಕಣೋ, ನಿನ್ನೆ ನೀನು ಹೇಳಿದ್ದು ತಪ್ಪು. ನಾನು ಆಗಲೇ ಬಾಯಿಬಿಟ್ಟು ಹೇಳಬೇಕಿತ್ತು. ಅಭ್ಯಾಸಬಲದಿಂದ ತಲೆಯಾಡಿಸಿಕೊಂಡು ಬಂದುಬಿಟ್ಟೆ. ನಿನ್ನ ಆರೈಕೆಮನೆಯ ನರ್ಸ್ ಕೆಂಡ್ರಾ ನಿನ್ನ ಕಾಲುಚೀಲ ಸರಿಮಾಡುತ್ತಾ, "ಏನ್ ತಾತ, ನೀವೂ ಫುಟ್‌ಬಾಲ್ ಆಡ್ತಿದ್ರಂತೆ?" ಎಂದು ಕೇಳಿದಳು. ನೀನು ನನ್ನ ಕಡೆ ಬೊಟ್ಟು ಮಾಡಿ, "ನಾನೇನ್ ಆಡ್ದೆ, ಸುಮ್ನೆ ಹೊಟ್ಟೆ ಹಿಡ್ಕೊಂಡು ಓಡ್ದೋನು. ಆಲ್ಡನ್ನೋರ ಮೇಲೆ ತೊಂಬತ್ತು ಗಜ ಓಡಿದ್ದು ಇವ್ನು, ವರ್ಲಿನ್ನು" ಅಂದೆ. ಐವತ್ತೊಂಬತ್ತು ವರ್ಷದಿಂದ ಈ ಮಾತು ಕೇಳಿದ್ದೇನೆ. ಪ್ರತಿ ಸಲವೂ ನೀನು ಹೇಳಿ ಮುಗಿಸಿ, ನನಗೊಬ್ಬನಿಗೇ ಕಾಣುವಂತೆ ಎಡಗಣ್ಣು ಮಿಟುಕಿಸುತ್ತಿದ್ದೆ. ನಿನ್ನೆಯೂ ನಾನು ಕಾದೆ. ನೀನು ಮಿಟುಕಿಸಲಿಲ್ಲ. ನಿಜವಾದ ಮೆಚ್ಚುಗೆಯಿಂದ ನನ್ನನ್ನೇ ನೋಡುತ್ತಾ ಕೂತಿದ್ದೆ.

ಮನೆಗೆ ಬಂದು ಕಾರಿನಿಂದ ಇಳಿಯದೆ ಬಹಳ ಹೊತ್ತು ಕೂತಿದ್ದೆ. ಮರೆವು ನಿನ್ನಿಂದ ಏನೇನೋ ಕಿತ್ತುಕೊಂಡಿದೆ, ಅದು ಗೊತ್ತಿರುವುದೇ. ಆದರೆ ಅದು ನಿಜವನ್ನು ಹೊತ್ತೊಯ್ದು, ನೀನೇ ಕಟ್ಟಿದ ಸುಳ್ಳನ್ನು ಮಾತ್ರ ಉಳಿಸಿ ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ. ನಿನಗೆ ಬೆಳಗಿನ ಹೊತ್ತಾದರೂ ತಿಳಿವು ಇರುವಾಗಲೇ ಆ ಓಟವನ್ನು ನಿನಗೆ ಹಿಂದಿರುಗಿಸಬೇಕು. ಅದಕ್ಕೇ ಈ ಪತ್ರ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಪಾಠ ಕೇಳಿದವನು ನಾನು. ಪ್ರತಿ ಪ್ಯಾರಾಕ್ಕೂ ಒಂದು ಮುಖ್ಯ ವಾಕ್ಯ ಇರಬೇಕು ಅನ್ನುತ್ತಿದ್ದರು ಮೇಷ್ಟ್ರು. ಅದು ಮೊದಲು ಬರಬೇಕೋ ಕೊನೆಗೋ ಮರೆತಿದ್ದೇನೆ. ಇರಲಿ, ಬೇಕಾದ ಕಡೆ ನೀನೇ ಆರಿಸಿಕೋ.

೧೯೬೬ರ ಅಕ್ಟೋಬರ್. ನಮ್ಮ ಮೈದಾನಕ್ಕೆ ಆಗಿನ್ನೂ ದೀಪ ಇರಲಿಲ್ಲ, ಚೆಂಡು ಕೈಯಲ್ಲಿ ಹೊತ್ತು ಓಡುವ ನಮ್ಮ ಅಮೆರಿಕನ್ ಫುಟ್‌ಬಾಲ್ ಶುಕ್ರವಾರ ಮಧ್ಯಾಹ್ನವೇ. ಕೋಚ್ ಓಸ್ಟರ್ ಆ ವಾರವೆಲ್ಲ ನಮ್ಮಿಂದ ಒಂದೇ ಕಣ್ಕಟ್ಟಿನ ಆಟ ಆಡಿಸಿದ್ದರು. ಎದುರಿನವರು ಒದ್ದ ಚೆಂಡನ್ನು ನಾನು ಹಿಡಿಯಬೇಕು. ಉಳಿದ ಹತ್ತೂ ಜನ ಓಡಿಬಂದು ನನ್ನ ಸುತ್ತ ಬೆನ್ನು ಹೊರಗೆ ಮಾಡಿ ಗುಂಪಾಗಬೇಕು. ಒಳಗೆ ಚೆಂಡು ಯಾರಿಗೋ ದಾಟುತ್ತದೆ. ಆಮೇಲೆ ಎಲ್ಲರೂ ಚೆಂಡು ತಮ್ಮ ಹತ್ತಿರವೇ ಇದೆಯೆಂಬಂತೆ ಹೊಟ್ಟೆ ಹಿಡಿದು, ಬೆನ್ನು ಬಗ್ಗಿಸಿ, ದಿಕ್ಕಿಗೊಬ್ಬರಂತೆ ಓಡಬೇಕು. ಚೆಂಡಿದ್ದವನು ಎದುರಿನವರ ಕೊನೆಯ ಗೆರೆ ದಾಟಿದರೆ ಅಂಕ. "ನರಿ ನುಗ್ಗಿದಾಗ ಕೋಳಿಗಳು ಏನ್ ಮಾಡ್ತವ್ರೋ? ಮೊಟ್ಟೆ ಯಾವುದ್ರ ಹತ್ರ ಇದೆ ಅಂತ ನರಿಗ್ ಹೇಳ್ತವಾ?" ಎಂದು ಕೂಗುತ್ತಿದ್ದರು. ನೀನು ಮೆಲ್ಲಗೆ, "ಕೋಚ್, ಓಡೋವಾಗ ಯಾವ ಕೋಳೀನೂ ಮೊಟ್ಟೆ ಎತ್ಕೊಂಡ್ ಹೋಗಲ್ಲ" ಅಂದೆ. ಅದಕ್ಕೆ ಮೈದಾನದ ಸುತ್ತ ನಾಲ್ಕು ಸುತ್ತು ಓಡಿಸಿದರು.

ಎದುರು ತಂಡದ ಆಲ್ಡನ್‌ನವರು ಆರು ಅಂಕ ಮುಂದಿದ್ದರು, ಉಳಿದಿದ್ದು ಎರಡು ನಿಮಿಷ. ಬೆಳಗ್ಗಿನ ಮಳೆಗೆ ನೆಲವೆಲ್ಲ ಕೆಸರು. ಅಂಗಿಯ ಮೇಲಿನ ಅಂಕಿ ಯಾರದೂ ಕಾಣುತ್ತಿರಲಿಲ್ಲ. ನಾನು ಚೆಂಡು ಹಿಡಿದೆ. ಗುಂಪಿನ ಒಳಗೆ ಉಸಿರು, ಬೆವರು, ಯಾರದೋ ಮೊಣಕೈ. ನಿನ್ನ ಹೊಟ್ಟೆಗೆ ಚೆಂಡು ಒತ್ತಿದೆ. "ಕೊಡೋ ಬೇಗ, ದಡ್ಡ" ಅಂದೆ ನೀನು. ಅಷ್ಟೇ. ನಾನು ಬರಿಗೈಯಲ್ಲಿ ಬಲಕ್ಕೆ ಓಡಿದೆ, ಚೆಂಡು ಹೊತ್ತವನಂತೆ. ಹತ್ತು ಹೆಜ್ಜೆ ಹಾಕಿರಲಿಲ್ಲ, ಆಲ್ಡನ್‌ನ ನಾಲ್ವರು ಹುಡುಗರು ನನ್ನ ಮೇಲಿದ್ದರು. ಭುಜದ ಮೂಳೆ ಲಟಕ್ ಎಂದದ್ದು ನನ್ನ ಕಿವಿಗೇ ಕೇಳಿಸಿತು.

ಮೋಸಹೋದವರು ಆಲ್ಡನ್‌ನವರು ಮಾತ್ರವಲ್ಲ. ಲಾರಿಯ ತಲೆಯ ಮೇಲೆ ಮೈಕು ಹಿಡಿದು ನಿಂತಿದ್ದ ರೇಡಿಯೋದ ಬಡ್ ಟಿಮ್ಮರ್‌ಮನ್ನನಿಗೆ ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಚೆಂಡು ಹಿಡಿದವನು ನಾನು ಎಂದು ನೋಡಿದ್ದ. ಎಡಗಡೆಯಿಂದ ಹೊರಬಿದ್ದು ಓಡಿದವನೂ ನಾನೇ ಎಂದುಕೊಂಡ. "ವರ್ಲಿನ್! ವರ್ಲಿನ್ ಕೂಬಾಟ್! ಯಾರೂ ಹಿಡಿಯೋಕಾಗಲ್ಲ ಇವನನ್ನ!" ಎಂದು ಇಡೀ ಜಿಲ್ಲೆಗೆ ಕೇಳುವಂತೆ ಕಿರುಚಿದ. ಆ ಹೊತ್ತಿಗೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಆಗಸ್ಟಿನಿಂದ ಹಾಸಿಗೆ ಹಿಡಿದಿದ್ದ ನನ್ನಮ್ಮ ರೇಡಿಯೋಗೆ ಕಿವಿಕೊಟ್ಟು ಮಲಗಿದ್ದಳು. ಖುಷಿ ತಡೆಯಲಾರದೆ ರೇಡಿಯೋ ಆರಿಸಿ ಅತ್ತಳಂತೆ. ಐದು ನಿಮಿಷದ ಮೇಲೆ ಬಡ್ ತಪ್ಪು ತಿದ್ದಿಕೊಂಡ. ಅದು ಅವಳಿಗೆ ಕೇಳಲೇ ಇಲ್ಲ.

ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಾಗ ನೀನು ನನ್ನ ಜೊತೆಗಿದ್ದೆ. ನಾನು ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಮ್ಮ ತಿಂಗಳುಗಳ ಮೇಲೆ ದಿಂಬಿಗೆ ಒರಗಿ ಎದ್ದು ಕೂತಿದ್ದಳು, ತಲೆಗೂದಲು ಬಾಚಿಕೊಂಡಿದ್ದಳು. ನೀನು ನನಗಿಂತ ಮುಂಚೆ ಒಳಗೆ ನುಗ್ಗಿ, "ಅಮ್ಮಾ, ನಿಮ್ಮ ಮಗ ಗೆರೆ ದಾಟಿದ್ ಮೇಲೂ ನಿಲ್ಲಲಿಲ್ಲ, ಬೇಲಿಗ್ ಗುದ್ಕೊಂಡು ಭುಜ ಮುರ್ಕೊಂಡ ನೋಡಿ" ಅಂದೆ.

"ಮತ್ತೆ ನೀನೇನ್ ಮಾಡ್ತಿದ್ಯೋ?"

"ನಾನಾ? ಸುಮ್ನೆ ಹೊಟ್ಟೆ ಹಿಡ್ಕೊಂಡು ಓಡ್ದೆ."

"ಅದೇನ್ ಹೊಸದಾ ನಿಂಗೆ? ನನ್ನ ಕೊಲಾಚೆ ಬನ್ನು ಹನ್ನೆರಡು ತಿಂದು ಮನೆಗ್ ಓಡ್ತಿದ್ದಿದ್ದೇ ಹಾಗಲ್ವಾ" ಅಂದಳು ಅಮ್ಮ. ನಗುನಗುತ್ತಾ ಕೆಮ್ಮಿದಳು.

ಗುರುವಾರ ನಮ್ಮ ವಾರಪತ್ರಿಕೆ ಬರುವುದಿತ್ತು. ಅದರಲ್ಲಿ ನಿನ್ನ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆಂದು ನನಗೆ ಗೊತ್ತಿತ್ತು. ನೀನು ಶಾಲೆ ಮುಗಿದ ಕೂಡಲೇ ಪತ್ರಿಕೆ ಹಿಡಿದು ಬಂದು ಅವಳ ಮಂಚದ ಪಕ್ಕ ಕೂತೆ. "ಕನ್ನಡಕ ಯಾಕಮ್ಮಾ, ನಾನೇ ಓದ್ತೀನಿ" ಅಂದೆ. ಮಿಲೋ ಸೆಡ್ಲಾಚೆಕ್ ಎಂದು ಅಚ್ಚಾದ ಕಡೆಯೆಲ್ಲ ವರ್ಲಿನ್ ಕೂಬಾಟ್ ಎಂದು, ಒಂದು ಸಲವೂ ತಡವರಿಸದೆ ಓದಿದೆ. ಹದಿನೇಳು ವರ್ಷದ ಹುಡುಗ, ಬದುಕಿನಲ್ಲಿ ಮೊದಲ ಸಲ ತನ್ನ ಹೆಸರು ಪತ್ರಿಕೆಯಲ್ಲಿ ಬಂದಿದೆ, ಅದನ್ನು ಜೋರಾಗಿ ಓದುತ್ತಾ ತಾನೇ ಅಳಿಸುತ್ತಿದ್ದಾನೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳು "ಇನ್ನೊಂದ್ಸಲ ಓದೋ" ಅಂದಳು. ನೀನು ಓದಿದೆ.

ಆಮೇಲೆ ನೀನು ಊರಿನ ಮನೆಮನೆಗೂ ಹೋಗಿ, ಓಡಿದ್ದು ವರ್ಲಿನ್ನೇ ಅನ್ನಿ ಎಂದು ಕೇಳಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಪಾದ್ರಿ, ಅಂಚೆಯವರು, ಧಾನ್ಯದ ಕಣಜದ ಹತ್ತಿರ ಹರಟುವ ಮುದುಕರು, ಎಲ್ಲರಿಗೂ. ಚಿಲಿ ಸಾರು, ದಾಲ್ಚಿನ್ನಿ ರೋಲು ಹೊತ್ತು ಅಮ್ಮನನ್ನು ನೋಡಲು ಬಂದವರೆಲ್ಲ, "ಏನ್ ಓಟ ಓಡ್ದ ನಿನ್ನ ಮಗ!" ಎಂದೇ ಶುರುಮಾಡುತ್ತಿದ್ದರು. ಕೋಚ್ ಓಸ್ಟರ್ ಕೂಡ ಟೋಪಿ ತೆಗೆದು, ಸುಳ್ಳಾಡಲು ಬಾರದೆ ಬೆವತು, ಅದನ್ನೇ ಹೇಳಿ ಹೋದರು. ಹನ್ನೊಂದು ಜನ ಕೂಡಿ ಕೆಲವೇ ಕ್ಷಣ ಆಡಿದ ಆಟವನ್ನು ನೀನು ನಾನೂರು ಜನರಿಂದ ನಾಲ್ಕು ತಿಂಗಳು ಆಡಿಸಿದೆ. ಫೆಬ್ರವರಿಯಲ್ಲಿ ಅಮ್ಮ ಹೋದಳು. ಕೊನೆಯ ವಾರ ನೋವು ಹೆಚ್ಚಾದಾಗ ಅವಳು ಕೇಳುತ್ತಿದ್ದದ್ದು ಔಷಧಿಯನ್ನಲ್ಲ. "ಆ ಓಟ ಹೇಳು" ಅನ್ನುತ್ತಿದ್ದಳು. ನಾನು ಓಡದ ಓಟವನ್ನು ನಾನೇ ಹೇಳುತ್ತಿದ್ದೆ.

ಅವಳು ಹೋದ ಮೇಲೂ ನೀನು ಆ ಮಾತು ಬಿಡಲಿಲ್ಲ. ಮೊದಮೊದಲು ತಮಾಷೆಗೆ, ಆಮೇಲೆ ರೂಢಿಗೆ. ನಾನೂ ಬಿಡಿಸಲಿಲ್ಲ. ಒಪ್ಪಿಕೊಳ್ಳುತ್ತೇನೆ, ಹೊಸಬರು ನಂಬಿದಾಗ ನನಗೆ ಹಿತವಾಗುತ್ತಿತ್ತು. ಮದುವೆಯಾಗಿ ಮೂರು ವರ್ಷಕ್ಕೆ ಆರ್ಡಿತ್‌ಗೆ ನಿಜ ಹೇಳಿದೆ. ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟು, "ಮಿಲೋಗೆ ಇದನ್ನೆಲ್ಲ ಹೇಳಿದೀಯಾ? ಉಪಕಾರ ಆಯ್ತು ಅಂತ?" ಎಂದಳು. "ಗಂಡಸರು ಅದನ್ನೆಲ್ಲ ಹೇಳ್ಕೊಳ್ಳಲ್ಲ" ಅಂದೆ. "ಹೌದಪ್ಪ, ಹೇಳ್ದೆ ಇದ್ದಿದ್ದನ್ನೆಲ್ಲ ಹೆಂಗಸರ ಕಿವೀಗ್ ಸುರೀತೀರಿ" ಅಂದಳು. ಅವಳು ಹೋಗಿ ಆರು ವರ್ಷ. ಸುರಿಯಲು ಕಿವಿ ಇಲ್ಲದೆ ಈಗ ನಿನ್ನ ಬಳಿಗೆ ಬಂದಿದ್ದೇನೆ.

ಈಗ ಕೇಳು. ಅಂದು ನಾನು ಕೆಸರಿಗೆ ಕೆನ್ನೆ ಒತ್ತಿ ಬಿದ್ದಿದ್ದೆ, ಮೇಲೆ ನಾಲ್ವರು. ಯಾರದೋ ಕಂಕುಳ ಕೆಳಗಿನ ಸಂದಿಯಿಂದ ಮೈದಾನದ ಎಡ ಅಂಚು ಅಡ್ಡಡ್ಡವಾಗಿ ಕಾಣುತ್ತಿತ್ತು. ಗುಂಪು ಚದುರಿದ ಮೇಲೂ ನೀನು ದಾರಿ ತಪ್ಪಿದವನಂತೆ ಬೆನ್ನು ತಿರುಗಿಸಿ ನಿಂತೇ ಇದ್ದೆ. ಒಂದು, ಎರಡು, ಮೂರು ಎಣಿಸಿರಬೇಕು. ಆಮೇಲೆ ಓಡಿದೆ. ನಡುಗೆರೆಯಲ್ಲಿ ಒಬ್ಬನೇ ಉಳಿದಿದ್ದ, ಚೆಂಡು ಒದ್ದ ಉದ್ದನೆಯ ಹುಡುಗ. ನಿನ್ನ ಕೈಯಲ್ಲಿ ಚೆಂಡಿದೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ನೀನು ಅವನನ್ನು ದಾಟಿದ್ದೆ. ಗೆರೆಗೆ ಹತ್ತು ಗಜ ಇರುವಾಗ ನಿಧಾನವಾದೆ, ತಿರುಗಿ ನೋಡಿದೆ. ಜನ "ಓಡೋ, ಓಡೋ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಬೆನ್ನಟ್ಟಿ ಬರುವವರನ್ನು ನೋಡಿದ್ದು ಎಂದರು ಎಲ್ಲರೂ. ನೀನು ನೋಡಿದ್ದು ನಾನು ಬಿದ್ದಿದ್ದ ಬಲ ಮೂಲೆಯನ್ನು. ನಾನು ಎದ್ದೆನೇ ಎಂದು. ನಾನು ಮುರಿಯದ ಕೈ ಎತ್ತಿದೆ. ಆಮೇಲೆಯೇ ನೀನು ಗೆರೆ ದಾಟಿದ್ದು. ಇದನ್ನು ಕಂಡವನು ಭೂಮಿಯ ಮೇಲೆ ನಾನೊಬ್ಬನೇ, ಇಂದಿಗೂ ಯಾರಿಗೂ ಹೇಳಿಲ್ಲ.

ಇನ್ನೂ ಹೇಳುವುದಿತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಜೋಳದ ಹೊಲದಾಚೆ ಬೆಳಕು ಇಳಿಯುತ್ತಿದೆ, ಹಾಳೆಯ ಮೇಲಿನ ಗೆರೆಗಳು ಕಾಣುತ್ತಿಲ್ಲ. ಒಳಗೆ ಹೋದರೆ ಟಿವಿ ಹಾಕುತ್ತೇನೆಯೇ ಹೊರತು ಬರೆಯುವುದಿಲ್ಲ. ನಾಳೆ ತಿಂಡಿಯಾದ ಮೇಲೆ ಕೆಂಡ್ರಾ ಇದನ್ನು ನಿನಗೆ ಓದುತ್ತಾಳೆ. ಬರೆದ ಹೆಸರುಗಳನ್ನು ಬದಲಾಯಿಸದೆ ಓದಮ್ಮ ಎಂದು ಅವಳಿಗೆ ಹೇಳಿರುತ್ತೇನೆ. ನಾಡಿದ್ದು ಮರೆತರೆ ನಾಡಿದ್ದೂ ಓದಲಿ.

ಅಮ್ಮನ ನಾಲ್ಕು ತಿಂಗಳಿಗಾಗಿ ದೇವರು ನಿನ್ನನ್ನು ತಂಪಾಗಿಟ್ಟಿರಲಿ, ಗೆಳೆಯಾ.

ಬಲ ಮೂಲೆಯಲ್ಲಿ ಬಿದ್ದಿದ್ದ,
ನಿನ್ನ ವರ್ಲಿನ್