ಏಳನೇ ಮಹಡಿಯ ಬೆಲೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11.15

ಮತ್ತೆ ಅದೇ ಬಿಲ್ಡಿಂಗ್. ಅದೇ ಕಂಪ್ಲೇಂಟು. ಲಿಫ್ಟ್ ನಾಲ್ಕನೇ ಮಹಡಿ ದಾಟುವಾಗ ಗಕ್ಕನೆ ನಿಂತುಬಿಡುತ್ತದಂತೆ. ಟೆರೇಸಿನ ಮೆಷಿನ್ ರೂಮಿಗೆ ಹತ್ತಿದೆ, ರೀಸೆಟ್ ಒತ್ತಿದೆ, ಓಡಿತು. ಎರಡು ನಿಮಿಷದ ಕೆಲಸ. ರಿಜಿಸ್ಟರಿನಲ್ಲಿ ‘ಪರೀಕ್ಷಿಸಲಾಗಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ.

ಲಿಫ್ಟಿಗೆ ಏನೂ ಆಗಿಲ್ಲ. ಆಗಿರುವುದು ಜನರಿಗೆ. ಬಾಗಿಲು ಮುಚ್ಚುವಷ್ಟರಲ್ಲಿ ಚೀಲ ತೂರಿಸುವುದು, ಕಾಲು ತೂರಿಸುವುದು, ಒಂದೇ ಬಟನ್ನನ್ನು ಹತ್ತು ಸಲ ಕುಟ್ಟುವುದು... ಇಪ್ಪತ್ತೊಂದು ವರ್ಷದಿಂದ ನೋಡುತ್ತಿದ್ದೇನೆ. ಲಿಫ್ಟ್ ಹತ್ತುವವರಿಗೂ ಒಂದು ಪರೀಕ್ಷೆ ಇಡಬೇಕು. ಊರಿಗೆ ಊರೇ ಫೇಲಾಗುತ್ತದೆ.

ಮಧ್ಯಾಹ್ನದವರೆಗೆ ಬೇರೆ ಕೆಲಸ ಇಲ್ಲ. ಹಳೇ ಸರ್ವಿಸ್ ಪುಸ್ತಕದಲ್ಲಿ ಖಾಲಿ ಹಾಳೆ ಬೇಕಾದಷ್ಟಿವೆ. ಬರೆಯುತ್ತ ಕೂತೆ.

ಮಾರ್ಚ್ 5, ಬುಧವಾರ

ಮನೆ ಓನರ್ ಬಂದಿದ್ದ. ಕೂತು ಕಾಫಿ ಕುಡಿದು, ಗೋಡೆಗೆ ನಾವು ಹೊಡೆದ ಮೊಳೆಗಳನ್ನೆಲ್ಲ ಎಣಿಸಿ, ಆಮೇಲೆ ವಿಷಯಕ್ಕೆ ಬಂದ. ಮೇ ಮೂವತ್ತೊಂದಕ್ಕೆ ಖಾಲಿ ಮಾಡಬೇಕು. ‘ಬೇಜಾರು ಮಾಡ್ಕೋಬೇಡಿ ಸಾರ್’ ಅಂದ. ಬೇಜಾರು ಮಾಡಿಕೊಳ್ಳಲು ಇವನು ಯಾರು ನನಗೆ?

ಹದಿನೇಳು ವರ್ಷದಲ್ಲಿ ಇದು ಆರನೇ ಬಾಡಿಗೆ ಮನೆ. ಅವನು ಹೋದ ಮೇಲೆ ಹೆಂಡತಿ ಲೋಟ ತೊಳೆಯುತ್ತ, ನನ್ನ ಮುಖ ನೋಡದೆ ಹೇಳಿದಳು — ‘ಈ ಸಲ ಸಾಮಾನು ಕಟ್ಟಿದ್ರೆ ನಮ್ಮ ಸ್ವಂತ ಮನೇಲೇ ಬಿಚ್ಚೋದು. ಇಲ್ಲ ಅಂದ್ರೆ ನಾನೂ ಮಗಳೂ ಅಣ್ಣನ ಮನೆಗೆ ಹೋಗ್ತೀವಿ. ನೀವು ನಿಮ್ಮ ಮೆಷಿನ್ ರೂಮಲ್ಲೇ ಇದ್ಬಿಡಿ.’

ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಭಾವ ಬಂದ — ಹೆಂಡತಿಯ ಅಣ್ಣ. ಇನ್ಶೂರೆನ್ಸ್ ಮಾರುತ್ತಾನೆ, ಭವಿಷ್ಯ ಪುಕ್ಕಟೆ. ‘ಈಗ ಮನೆ ತಗೋಬೇಡಿ ಭಾವ. ಇನ್ನಾರು ತಿಂಗಳು ತಡ್ಕೊಳ್ಳಿ. ಮಾರ್ಕೆಟ್ ಮಲಗತ್ತೆ.’ ಮೂರು ವರ್ಷದಿಂದ ಮಲಗಿಸುತ್ತಲೇ ಇದ್ದಾನೆ. ಆ ಮಾರ್ಕೆಟ್ಟಿಗೋ ಇವನ ಜೋಗುಳಕ್ಕೆ ನಿದ್ದೆಯೇ ಬರುತ್ತಿಲ್ಲ. ಸ್ವಂತ ಮನೆಯಲ್ಲಿ ಕೂತವನು ಬೇರೆಯವರಿಗೆ ತಾಳ್ಮೆ ಹೇಳುವುದು ಬಲು ಸುಲಭ.

ಮಧ್ಯಾಹ್ನ ಬ್ರೋಕರ್. ಇವನಿಗೆ ಹಲ್ಕಿರಿಕ ಎಂದು ಹೆಸರಿಟ್ಟಿದ್ದೇನೆ. ಸತ್ತ ಸುದ್ದಿಯನ್ನೂ ನಗುತ್ತಲೇ ಹೇಳುವ ಮುಖ. ‘ಇದೇ ತಿಂಗಳು ಸಾರ್. ಮುಂದಿನ ತಿಂಗಳು ಕೇಳ್ಬೇಡಿ, ಕೈಗೆ ಸಿಗಲ್ಲ.’ ಒಬ್ಬ ಬೀಳುತ್ತದೆ ಅನ್ನುತ್ತಾನೆ, ಒಬ್ಬ ಏರುತ್ತದೆ ಅನ್ನುತ್ತಾನೆ. ಇಬ್ಬರಿಗೂ ಗೊತ್ತಿರುವುದು ಅಷ್ಟರಲ್ಲೇ ಇದೆ. ಗೊತ್ತಿಲ್ಲ ಅನ್ನುವಷ್ಟು ಬುದ್ಧಿಯೂ ಇಲ್ಲ.

ಮಾರ್ಚ್ 14, ಶುಕ್ರವಾರ. 11.40

ಇವತ್ತು ನಕ್ಕು ನಕ್ಕು ಸಾಕಾಯಿತು. ಹಲ್ಕಿರಿಕ ‘ಒಂದು ಬಂಗಾರದಂಥ ಫ್ಲಾಟ್’ ಎಂದು ವಿಳಾಸ ಕಳಿಸಿದ. ಯಾವುದು? ಇದೇ ಬಿಲ್ಡಿಂಗ್. ಏಳನೇ ಮಹಡಿ. ನನ್ನ ಮೆಷಿನ್ ರೂಮಿನ ನೇರ ಕೆಳಗೆ! ಇಲ್ಲಿನ ಲಿಫ್ಟ್ ನೋಡಿಕೊಳ್ಳುವವನು ನಾನೇ ಎಂದು ಅವನಿಗೆ ಗೊತ್ತಿಲ್ಲ. ‘ಫುಲ್ ಬಿಲ್ಡಿಂಗ್ ಸಾರ್. ಇಪ್ಪತ್ತೆಂಟು ಮನೆ, ಒಂದೂ ಖಾಲಿ ಇಲ್ಲ’ ಎಂದು ನನ್ನ ಕಿವಿಗೇ ಹೂ ಇಡಲು ಬಂದ.

ಕಂಟ್ರೋಲರ್ ಪೆಟ್ಟಿಗೆಯೊಳಗೆ ಒಂದು ಕೌಂಟರ್ ಇರುತ್ತದೆ. ಲಿಫ್ಟ್ ಒಂದು ಸಲ ಓಡಿದರೆ ಒಂದು ಅಂಕಿ ಮುಂದೆ. ಪ್ರತಿ ಸಲ ಬಂದಾಗ ಅದನ್ನು ರಿಜಿಸ್ಟರಿಗೆ ಬರೆಯುವುದು ನಮ್ಮ ಪದ್ಧತಿ. ಯಾರೂ ಓದುವುದಿಲ್ಲ. ನಾನು ಓದುತ್ತೇನೆ. ಇಪ್ಪತ್ತೆಂಟು ಮನೆ ತುಂಬಿದ್ದರೆ ದಿನಕ್ಕೆ ಮುನ್ನೂರು ಸಲವಾದರೂ ಓಡಬೇಕು. ಹನ್ನೊಂದು ದಿನದಲ್ಲಿ ಓಡಿರುವುದು ನಾನೂರ ನಲವತ್ತು. ಅಂದರೆ ದಿನಕ್ಕೆ ನಲವತ್ತು. ಅಂದರೆ ನಾಲ್ಕೇ ನಾಲ್ಕು ಸಂಸಾರ! ನಾನು ಬರುವ ಈ ಹೊತ್ತಿನಲ್ಲಿ ಒಂದು ಕುಕ್ಕರ್ ಸದ್ದೂ ಕೇಳುವುದಿಲ್ಲ, ಸರಿಯಾಗಿಯೇ ಇದೆ ಲೆಕ್ಕ.

ಖಾಲಿ ಬಿಲ್ಡಿಂಗಿನಲ್ಲಿ ಬೆಲೆ ನಿಲ್ಲುವುದಿಲ್ಲ. ಕಾದರೆ ಬೀಳುತ್ತದೆ. ಭಾವನ ಬಾಯಿ, ಬ್ರೋಕರನ ಹಲ್ಲು, ಎರಡೂ ಬೇಡ. ಯಂತ್ರ ಸುಳ್ಳು ಹೇಳುವುದಿಲ್ಲ.

ಮಾರ್ಚ್ 17, ಸೋಮವಾರ

ಅರ್ಧ ದಿನ ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳೂ ಕಣ್ಣಾಸ್ಪತ್ರೆಯ ಕೌಂಟರಿನ ತನ್ನ ಕೆಲಸವನ್ನು ಇನ್ನೊಬ್ಬಳಿಗೆ ಒಪ್ಪಿಸಿ ಬಂದಿದ್ದಳು. ಹನ್ನೊಂದು ಗಂಟೆ. ಬಿಲ್ಡಿಂಗ್ ನಿಶ್ಶಬ್ದ. ಲಿಫ್ಟಿನಲ್ಲೇ ಹೋದೆವು. ಎಲ್ಲೂ ನಿಲ್ಲಲಿಲ್ಲ. ಬಾಗಿಲಿಗೆ ಅಡ್ಡ ನಿಲ್ಲದಿದ್ದರೆ ಅದೇಕೆ ನಿಲ್ಲುತ್ತದೆ?

ಮಾರುವವರು ಒಬ್ಬರೇ ಇರುವ ಹೆಂಗಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಕೂತ ಕುರ್ಚಿಯಿಂದ ಏಳಲು ಎರಡು ಸಲ ಪ್ರಯತ್ನಪಟ್ಟರು. ಯಾಕೆ ಮಾರುತ್ತಿದ್ದೀರಿ ಎಂದು ಹೆಂಡತಿ ಕೇಳಿದಳು. ಅವರು ಬಾಯಿ ತೆರೆಯುವಷ್ಟರಲ್ಲಿ ಹಲ್ಕಿರಿಕ ಮೂಗು ತೂರಿಸಿದ — ‘ಅಮ್ಮನಿಗೆ ನೆಲಮಹಡೀಲಿ ಸಣ್ಣ ಮನೆ ಸಾಕಂತೆ.’

ಕೊಳ್ಳುವವನು ಮಾತಾಡಬಾರದು. ಆಸೆ ಗೊತ್ತಾಗಿಬಿಡುತ್ತದೆ. ಇಡೀ ಹೊತ್ತು ಸುಮ್ಮನಿದ್ದು, ಹೊರಡುವಾಗ ‘ಯೋಚನೆ ಮಾಡಿ ಹೇಳ್ತೀವಿ’ ಎಂದಷ್ಟೇ ಅಂದೆ. ಆಪರೇಟರಮ್ಮ ತಟ್ಟನೆ ತಲೆ ಎತ್ತಿ ನನ್ನನ್ನು ನೋಡಿದರು. ಕಡಿಮೆಗೆ ಕೇಳುವವನು ಎಂದು ಮುಖ ನೋಡಿಯೇ ತಿಳಿದಿರಬೇಕು.

ಹೆಂಡತಿ ಕೆಳಗೆ ಬರುವಷ್ಟರಲ್ಲೇ ಮಗಳ ಮೇಜನ್ನು ಯಾವ ಗೋಡೆಗೆ ಇಡಬೇಕು ಎಂದು ತೀರ್ಮಾನಿಸಿದ್ದಳು. ಕಾಯಬೇಕು ಎಂದೆ. ಕೌಂಟರ್ ಲೆಕ್ಕ ಬಿಡಿಸಿ ಹೇಳಿದೆ. ‘ನಿಮಗೆ ಗೊತ್ತಿರತ್ತೆ’ ಅಂದಳು. ಹೌದು, ಗೊತ್ತಿರುತ್ತದೆ.

ಏಪ್ರಿಲ್ 7, ಸೋಮವಾರ

ಮುದುಕಿ ಇಳಿದಿದ್ದಾಳೆ! ಮೊದಲು ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿಗೆ ಕೊಡುತ್ತಾಳಂತೆ. ಹಲ್ಕಿರಿಕನ ಹಲ್ಲು ಮೊದಲ ಸಲ ಒಳಗೆ ಹೋಗಿತ್ತು. ಕೌಂಟರ್ ದಿನಕ್ಕೆ ಮೂವತ್ತಕ್ಕೆ ಬಂದಿದೆ. ಅಂದರೆ ಇದ್ದವರೂ ಬಿಟ್ಟು ಹೋಗುತ್ತಿದ್ದಾರೆ. ಇನ್ನೂ ಕಾಯಬಹುದು.

ಏಪ್ರಿಲ್ 24, ಗುರುವಾರ. 11.05

ಮತ್ತೆ ನಾಲ್ಕನೇ ಮಹಡಿ. ಮತ್ತೆ ರೀಸೆಟ್. ಮತ್ತೆ ‘ಸರಿಯಿದೆ’. ಕೌಂಟರ್ ದಿನಕ್ಕೆ ಇಪ್ಪತ್ತಾರು. ಬೆಲೆಯೂ ಇನ್ನೊಂದು ಮೆಟ್ಟಿಲು ಕೆಳಗೆ ಬಂದಿದೆ.

ಬ್ಯಾಂಕಿನವನು ಲೋನ್ ಕೊಡುತ್ತೇನೆ ಅಂದಿದ್ದಾನೆ. ಅವನ ಟೈ ಅವನನ್ನೇ ನೇಣು ಹಾಕುವಂತಿತ್ತು. ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಮಗಳು ಪುಸ್ತಕಗಳನ್ನು ಡಬ್ಬಿಗೆ ತುಂಬಿ ‘ಎಲ್ಲಿಗೆ?’ ಎಂದು ಮೇಲೆ ದೊಡ್ಡದಾಗಿ ಬರೆದಿದ್ದಾಳೆ. ಹದಿನೈದು ವರ್ಷಕ್ಕೇ ವ್ಯಂಗ್ಯ. ಯಾರಿಂದ ಬಂತೋ.

ಇನ್ನು ಮೂವತ್ತೇಳು ದಿನ. ಹೆದರುವವರು ಹೆದರಲಿ. ನಾನು ಆತುರಗೇಡಿಯಲ್ಲ.

ಮೇ 11, ಭಾನುವಾರ. ಸಂಜೆ 7.30

ಹೆಂಡತಿ ಹೇಳದೆ ಕೇಳದೆ ಒಬ್ಬಳೇ ಆಪರೇಟರಮ್ಮನ ಮನೆಗೆ ಹೋಗಿ ಬಂದಿದ್ದಾಳೆ. ಬೇರೆ ಪಾರ್ಟಿ ನೋಡಲು ಬರುತ್ತಿದ್ದಾರೆ ಎಂದು ಹಲ್ಕಿರಿಕ ಫೋನ್ ಮಾಡಿದನಂತೆ, ತಡೆಯಲಾಗಲಿಲ್ಲವಂತೆ. ಬಂದವಳು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದಳು.

‘ಬಿಲ್ಡಿಂಗ್ ತುಂಬಿದೆ ರೀ. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು. ಹಗಲಲ್ಲಿ ಎಲ್ರೂ ಕೆಲಸಕ್ಕೆ ಹೋಗಿರ್ತಾರೆ ಅಷ್ಟೆ. ಮೆಟ್ಟಿಲ ಮೇಲೆ ಕಾಲಿಡಕ್ಕೆ ಜಾಗ ಇಲ್ಲ. ಹೋಗೋರು, ಬರೋರು, ನೀರಿನ ಕ್ಯಾನ್ ಹೊತ್ತೋರು. ನಾಲ್ಕನೇ ಮಹಡೀಲಿ ಸುಧಾರಿಸ್ಕೊಳ್ಳಕ್ಕೆ ಅಂತ ಯಾರೋ ಒಂದು ಕುರ್ಚಿ ಬೇರೆ ಹಾಕಿದಾರೆ.’

‘ಮೆಟ್ಟಿಲ ಮೇಲೆ ಯಾಕೆ?’ ಎಂದೆ. ಬಾಯಿಂದ ಮಾತು ಹೊರಡುವ ಮೊದಲೇ ಗೊತ್ತಾಗಿಬಿಟ್ಟಿತು.

‘ಲಿಫ್ಟ್ ಹೆಚ್ಚು ಕಮ್ಮಿ ಯಾರೂ ಹತ್ತಲ್ವಂತೆ. ಎಲ್ರೂ ಒಂದೊಂದ್ಸಲ ಸಿಕ್ಕಿಹಾಕ್ಕೊಂಡೋರೇ. ಆ ಅಮ್ಮ ಮುಕ್ಕಾಲು ಗಂಟೆ ಕತ್ತಲಲ್ಲಿ ಒಬ್ರೇ ನಿಂತಿದ್ರಂತೆ. ಅವತ್ತಿಂದ ಏಳು ಮಹಡಿ ಕಾಲಲ್ಲೇ. ಮಂಡಿ ಹೋಯ್ತು. ಅದಕ್ಕೇ ಮಾರ್ತಿರೋದು, ಅದಕ್ಕೇ ಬೆಲೆ ಇಳೀತಿರೋದು.’ ಚಪ್ಪಲಿ ಬಿಚ್ಚುತ್ತ, ‘ಲಿಫ್ಟಿನೋನು ಬರ್ತಾನಂತೆ. ರಿಜಿಸ್ಟರಿಗೆ ಸಹಿ ಹಾಕಿ ಹೋಗ್ತಾನಂತೆ. ಅವನಿಗೆ ಕೆಲಸಾನೇ ಬರಲ್ಲ ಅಂತಾರೆ. ನಾನು ತಲೆ ಬಗ್ಗಿಸ್ಕೊಂಡು ಕೂತಿದ್ದೆ. ನನ್ನ ಗಂಡಾನೇ ಅಂತ ಯಾವ ಬಾಯಲ್ಲಿ ಹೇಳ್ಲಿ?’

ಅಷ್ಟು ಹೇಳಿ, ಫ್ಲಾಟ್ ತಾನೇ ಮಾತಾಡಿ ಮುಗಿಸಿದ್ದೇನೆ ಅಂದಳು. ಕೊನೆಗೆ ಇಳಿಸಿದ ಬೆಲೆಗೇ. ಗುರುವಾರ ಅಗ್ರಿಮೆಂಟ್. ಅಡ್ವಾನ್ಸ್ ಕೊಡಲು ಹೋದರೆ ಆಪರೇಟರಮ್ಮ ‘ಕಾಗದ ಆದ್ಮೇಲೆ ಕೊಡಿ, ಮಾತು ಮಾತೇ’ ಎಂದರಂತೆ.

ಅಂದರೆ ಬೆಲೆ ಬಿದ್ದದ್ದು ಮಾರ್ಕೆಟ್ಟಿನಿಂದಲ್ಲ, ನನ್ನಿಂದ. ಎರಡು ತಿಂಗಳಿಂದ ಕಾಯುತ್ತ ಕೂತು ಬೀಗಿದ್ದು ನನ್ನದೇ ಸೋಮಾರಿತನ ನೋಡಿ. ಭಾವನೂ ಇಷ್ಟು ದೊಡ್ಡ ಬೆಪ್ಪನಲ್ಲ.

ಮೇ 12, ಸೋಮವಾರ

ಕೆಲಸ ಬರುವುದಿಲ್ಲವಂತೆ. ನನಗೆ! ಕಣ್ಣು ಮುಚ್ಚಿ ಮೋಟಾರಿನ ಸದ್ದು ಕೇಳಿಯೇ ರೋಗ ಹೇಳುವವನು ನಾನು. ನೀರಿನ ಕ್ಯಾನ್ ಹೊರುವವರೆಲ್ಲ ನನಗೆ ಮಾರ್ಕು ಹಾಕುತ್ತಾರೆ. ಬೆಳಿಗ್ಗೆಯಿಂದ ಅದೊಂದೇ ಮಾತು ತಲೆ ತಿನ್ನುತ್ತಿದೆ.

ಆ ಮನೆಗೆ ನಾವೇ ಹೋಗುವವರು. ಅದೇ ಮೆಟ್ಟಿಲಲ್ಲಿ ದಿನಾ ಅದೇ ಮುಖಗಳನ್ನು ನೋಡಬೇಕು. ನಾಳೆಯೇ ಹೋಗುತ್ತೇನೆ.

ಮೇ 13, ಮಂಗಳವಾರ. ಮಧ್ಯಾಹ್ನ 12.30

ಯಾರೂ ಕರೆದಿರಲಿಲ್ಲ. ಹೋದೆ. ರೀಸೆಟ್ ಮುಟ್ಟಲಿಲ್ಲ. ಲಿಫ್ಟಿನ ನೆತ್ತಿಯ ಮೇಲೆ ನಿಂತು ಒಂದೊಂದೇ ಮಹಡಿ ಇಳಿಸುತ್ತ ಪ್ರತಿ ಬಾಗಿಲಿಗೂ ಟಾರ್ಚ್ ಬಿಟ್ಟು ನೋಡಿದೆ.

ನಾಲ್ಕನೇ ಮಹಡಿ ಬಾಗಿಲ ಕಾಂಟ್ಯಾಕ್ಟ್. ಹೆಬ್ಬೆರಳಿನಷ್ಟು ಗಾತ್ರದ ಸ್ವಿಚ್ಚು. ಒಳಗಿನ ತಾಮ್ರದ ಪಟ್ಟಿ ಬಗ್ಗಿದೆ, ಸುಟ್ಟು ಕಪ್ಪಾಗಿದೆ. ಲಿಫ್ಟ್ ಹಾದುಹೋಗುವಾಗ ಬಾಗಿಲು ಒಂದಿಷ್ಟು ಅದುರಿದರೂ ಸಾಕು, ಸಂಪರ್ಕ ತಪ್ಪುತ್ತದೆ. ಬಾಗಿಲು ತೆರೆದಿದೆ ಎಂದುಕೊಂಡು ಲಿಫ್ಟ್ ನಿಲ್ಲುತ್ತದೆ. ಯಾರ ಚೀಲದ್ದೂ ತಪ್ಪಲ್ಲ, ಯಾರ ಕಾಲಿನದೂ ಅಲ್ಲ. ಹೊಸ ಕಾಂಟ್ಯಾಕ್ಟ್ ನನ್ನ ಬ್ಯಾಗಿನಲ್ಲೇ ಇತ್ತು, ಎಷ್ಟು ಕಾಲದಿಂದಲೋ. ಹಾಕಲು ಹತ್ತು ನಿಮಿಷ.

ಏಳನೇ ಮಹಡಿಯಲ್ಲಿ ಆಪರೇಟರಮ್ಮ ಬಾಗಿಲಲ್ಲಿ ನಿಂತಿದ್ದರು. ಸದ್ದು ಕೇಳಿರಬೇಕು. ‘ಬನ್ನಿ ಅಮ್ಮಾ, ಒಂದ್ಸಲ ಕೂತು... ನಿಂತು ನೋಡಿ’ ಎಂದೆ.

‘ನೀವೂ ಜೊತೆಗೆ ಬಂದ್ರೆ’ ಅಂದರು.

ನಾಲ್ಕನೆಯದು ಬರುವಾಗ ನನ್ನ ತೋಳು ಹಿಡಿದುಕೊಂಡರು. ಉಗುರು ಚರ್ಮಕ್ಕೆ ಇಳಿಯಿತು. ಲಿಫ್ಟ್ ನೀರಿನಂತೆ ಇಳಿಯಿತು. ಕೆಳಗೆ ಹೋಗಿ ‘ಮತ್ತೆ’ ಅಂದರು. ಮೇಲೆ ಹೋಗಿ ‘ಮತ್ತೆ’. ಮೂರನೇ ಸಲ ತೋಳು ಬಿಟ್ಟಿದ್ದರು.

‘ಮೊದಲ ದಿನಾನೇ ಗೊತ್ತಾಯ್ತು ನನಗೆ, ನೀವೇ ಅಂತ. ಮೂವತ್ತು ವರ್ಷ ಬರೀ ದನಿ ಕೇಳಿದೋಳು. ಅವತ್ತು ನಾನು ಒಳಗೆ ಸಿಕ್ಕಿಹಾಕ್ಕೊಂಡಿದ್ದಾಗ ಹೊರಗಿಂದ ಕೂಗಿದ್ರಲ್ಲ — ಓದಕ್ಕೆ ಬರಲ್ವಾ, ಬಾಗಿಲಿಗೆ ಅಡ್ಡ ನಿಲ್ಬೇಡಿ ಅಂತ ಬರೆದಿಲ್ವಾ, ಅಂತ.’

ನನಗೆ ನೆನಪಿಲ್ಲ. ಎಷ್ಟು ಜನಕ್ಕೆ ಕೂಗಿದ್ದೇನೋ. ‘ಗೊತ್ತಿದ್ದೂ ನಮಗೇ ಕೊಡಕ್ಕೆ ಒಪ್ಪಿದ್ರಲ್ಲಮ್ಮ’ ಎಂದೆ.

‘ನಾನೆಲ್ಲಿ ಒಪ್ಪಿದೆ? ಮಂಡಿ ಒಪ್ಪಿಸ್ತು.’ ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತು, ನಿಧಾನವಾಗಿ ಹೇಳಿದರು, ‘ಇನ್ನು ನಾನ್ಯಾಕೆ ಈ ಮನೆ ಬಿಟ್ಟು ಹೋಗ್ಲಿ, ಹೇಳಿ? ಮಾತು ಕೊಟ್ಟಿದ್ದೆ, ತಪ್ಪು ನಂದೇ. ಗುರುವಾರ ಬರೋದು ಬೇಡ ಅಂತ ನಿಮ್ಮನೆಯವರಿಗೆ ಹೇಳ್ಬಿಡಿ. ನಾನೇ ಫೋನ್ ಮಾಡ್ಬೋದು. ಆದ್ರೆ ನೀವು ಹೇಳೋದು ಸರಿ.’

ಬಾಗಿಲು ಹಾಕಿಕೊಂಡರು. ಸಿಟ್ಟಿನಿಂದಲ್ಲ. ಮೆಲ್ಲಗೆ.

ಮೆಷಿನ್ ರೂಮಿಗೆ ಬಂದು ಕೂತಿದ್ದೇನೆ. ಯಾವ ಮುಠ್ಠಾಳನಾದರೂ ಗುರುವಾರ ಅಗ್ರಿಮೆಂಟ್ ಮುಗಿಸಿ ಶುಕ್ರವಾರ ರಿಪೇರಿ ಮಾಡುತ್ತಿದ್ದ. ನನಗೆ ಎರಡು ದಿನ ತಡೆಯಲಾಗಲಿಲ್ಲ. ಕರುಣೆಯಿಂದ ಮಾಡಿದ್ದರೆ ಒಂದು ಮಾತು. ಜಂಬದಿಂದ ಮಾಡಿದ್ದು.

ಹೊಸ ಕಾಂಟ್ಯಾಕ್ಟಿನ ಪಟ್ಟಿಯನ್ನೂ ಬಗ್ಗಿಸಲು ಹತ್ತು ಸೆಕೆಂಡ್ ಸಾಕು. ಯೋಚನೆ ಬಂತು. ಬಂತು ಎಂದೇ ಬರೆದಿಡುತ್ತೇನೆ. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ ಕೂಡ. ಅಷ್ಟರಲ್ಲಿ ಮೋಟಾರ್ ತಾನಾಗಿ ಶುರುವಾಯಿತು. ಲಿಫ್ಟ್ ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಹೋಯಿತು. ಆಕೆ ಒಬ್ಬರೇ ಹತ್ತಿದ್ದರು.

ರಿಜಿಸ್ಟರಿನಲ್ಲಿ ‘ಕಾಂಟ್ಯಾಕ್ಟ್ ಬದಲಾಯಿಸಿದೆ’ ಎಂದು ಬರೆದು ಎದ್ದೆ.

ಮೇ 13. ಸಂಜೆ 6.10

ಮನೆಗೆ ಬಂದರೆ ನಡುಮನೆಯ ತುಂಬ ಬಟ್ಟೆ. ತಿಳಿಹಸಿರು. ಭಾನುವಾರ ಹೋದವಳು ಅಲ್ಲಿನ ಕಿಟಕಿಗಳನ್ನೆಲ್ಲ ಅಳೆದುಕೊಂಡು ಬಂದಿದ್ದಾಳೆ, ನನಗೆ ಹೇಳಿರಲಿಲ್ಲ. ಪಕ್ಕದ ಮನೆಯಿಂದ ಹೊಲಿಗೆ ಮೆಷಿನ್ ತಂದಿದ್ದಾಳೆ. ನೆಲದ ಮೇಲೆ ಮಗಳು ಮಂಡಿಯೂರಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾಳೆ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದಾರೆ. ಈ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಯಿತು.

ಕೈಕಾಲು ತೊಳೆಯುವ ನೆಪದಲ್ಲಿ ಒಳಗೆ ಬಂದು ಈ ಪುಸ್ತಕ ಹಿಡಿದು ಕೂತಿದ್ದೇನೆ. ಹೇಡಿ. ಊರಿನವರನ್ನೆಲ್ಲ ಬಯ್ಯುವ ಬಾಯಿಗೆ ಒಂದು ವಾಕ್ಯ ಹೇಳಲಾಗುತ್ತಿಲ್ಲ.

‘ರೀ, ಬಂದು ಈ ತುದಿ ಹಿಡ್ಕೊಳ್ಳಿ, ಕತ್ತರಿಸ್ಬೇಕು’ ಎಂದು ಕರೆಯುತ್ತಿದ್ದಾಳೆ.

ಬಂದೆ ಎಂದೆ.

ಎಲ್ಲ ಆ ಕಿಟಕಿಗಳ ಅಳತೆಗೇ ಎಳೆದ ಗೆರೆ. ಕತ್ತರಿಸಿದರೆ ಇನ್ಯಾವ ಮನೆಗೂ ಆಗುವುದಿಲ್ಲ. ಕತ್ತರಿ ಬಾಯಿ ತೆರೆದ ಸದ್ದು. ‘ಬೇಡ ಬಿಡಿ, ನಾನೇ ಹಿಡ್ಕೋತೀನಿ’ ಎಂದು ಮಗಳು... ಏಳಬೇಕು. ಈಗಲೇ ಹೋಗಿ ಹೇಳಬೇಕು, ಅವಳು ಕತ್ತರಿ ಹಾಕುವುದಕ್ಕೆ ಮೊದ—