ಸತ್ತವನು ಎದ್ದ ಸಿನಿಮಾ

ಮೇ ೯, ಶುಕ್ರವಾರ

ಸೈನ್ಯದಲ್ಲಿರುವ ಇವರ ಫೋನ್ ಇವತ್ತೂ ಸ್ವಿಚ್ ಆಫ್. ಗಡಿಯಲ್ಲಿ ಶೆಲ್ ಬೀಳುತ್ತಿವೆ ಎಂದು ಟಿ.ವಿ.ಯವರು ಕಿರುಚುವುದನ್ನು ಕೇಳಲಾರದೆ ಆರಿಸಿಬಿಟ್ಟೆ.

ಸಂಜೆ ಮೊಬೈಲಿನಲ್ಲಿ ಕಪ್ಪುಬಿಳುಪಿನ ಇಂಗ್ಲಿಷ್ ಸಿನಿಮಾ ಒಂದು ಸಿಕ್ಕಿತು. ಯಾವುದೋ ಹಳೆಯ ಯುದ್ಧದಲ್ಲಿ, ಜೀವ ಉಳಿಸಿಕೊಳ್ಳುವುದು ಹೇಗೆಂದು ಸೈನಿಕರಿಗೆ ಕಲಿಸಲು ತೆಗೆದದ್ದು. ಶೆಲ್ ಬಿದ್ದಾಗ ಒಬ್ಬ ತಲೆ ಎತ್ತಿ ನೋಡಿ ಸಾಯುತ್ತಾನೆ. ಆಮೇಲೆ ಅದೇ ಹುಡುಗ ಬಂದು, ಈ ಸಲ ನೆಲಕ್ಕೆ ಬೋರಲು ಬಿದ್ದು ಉಳಿಯುತ್ತಾನೆ.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಅತ್ತೆಗೆ ಇಂಗ್ಲಿಷ್ ಬಾರದು. "ಸತ್ತೋಗಿದ್ದೋನು ಎದ್ಬುಟ್ಟ ಕಣವ್ವಾ!" ಎಂದು ನನ್ನ ಕೈ ಹಿಡಿದುಕೊಂಡರು. ಮೊದಲು ತಪ್ಪು ತೋರಿಸಿ ಆಮೇಲೆ ಸರಿ ತೋರಿಸುವ ಪಾಠ ಅದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮತ್ತೆ ಹಾಕಿದೆ.

ಇವರಿಗೆ ಬಗ್ಗಿಕೊಂಡೇ ಇರಲು ಆಗುವುದಿಲ್ಲ. ಹೊಲದಲ್ಲಿ ಹೊಗೆಸೊಪ್ಪಿನ ಎಲೆ ಮುರಿಯುವಾಗ ಸಾಲು ಮುಗಿಯುವವರೆಗೆ ಎಲ್ಲರೂ ಬಗ್ಗಿರುತ್ತಾರೆ. ಇವರು ಮಾತ್ರ ನಡುವೆ ನೆಟ್ಟಗೆ ನಿಂತು ನಾನು ಎಲ್ಲಿದ್ದೀನಿ ಎಂದು ನೋಡುವವರು. ತಲೆ ತಗ್ಗಿಸಿ ಎಂದು ಇಲ್ಲಿಂದ ಯಾರ ಕೈಲಿ ಹೇಳಿಕಳಿಸಲಿ?

ಲೈಟ್ ಆರಿಸೋಣ ಎಂದರೆ ಅತ್ತೆ ಹಾಸಿಗೆಯಲ್ಲಿ ಎದ್ದು ಕೂತಿದ್ದಾರೆ.

"ಇನ್ನೊಂದ್ಸಲ ಆಕವ್ವಾ. ಸಾಯೋದು ಬ್ಯಾಡ. ಏಳೋದೊಂದೇ ತೋರ್ಸು."